ಗಟ್ಟಿ ತಳಿಯ ಸೀಳುವ ಗೊರಸು: ಕಾನೆಮಾರಾ ಪೋನಿಯ ಒಂದು ಪ್ರಕರಣ ಅಧ್ಯಯನ

ಐರ್ಲೆಂಡಿನ ಸಣ್ಣ ಕುದುರೆ ತಳಿಯಾದ ಕಾನೆಮಾರಾ ಪೋನಿಯ ತಳಿ ಮಾನದಂಡದಲ್ಲಿ ಕಾಲಿಗೆ ದೊಡ್ಡ ಜಾಗವಿದೆ. ಎತ್ತರ 128ರಿಂದ 148 ಸೆಂ.ಮೀ., ಮೊಣಕಾಲಿನ ಕೆಳಗೆ ಎಲುಬಿನ ಸುತ್ತಳತೆ 18ರಿಂದ 21 ಸೆಂ.ಮೀ., ಗೊರಸು ಮಧ್ಯಮ ಗಾತ್ರದ್ದು, ಗಟ್ಟಿಯಾದದ್ದು, ಸಮತಟ್ಟಾಗಿ ನೆಲಕ್ಕೆ ಕೂರುವಂಥದ್ದು. ಈ ಪ್ರಕರಣ ಅದೇ ಗೊರಸಿನದು. ಕಲ್ಲಿನ ಮೇಲೆ ನಡೆದು ಹೆಸರು ಮಾಡಿದ ತಳಿಯಲ್ಲಿ, ಹುಟ್ಟಿದ ಆರು ತಿಂಗಳೊಳಗೆ ಗೊರಸಿನ ಗೋಡೆ ಬುಡದಿಂದ ಸೀಳಿ ಬಿಚ್ಚಿಕೊಳ್ಳುವ ಮರಿಗಳು ಕಾಣಿಸಿಕೊಂಡವು. ಕಾರಣ ಯಾಕೆ ಇಷ್ಟು ಕಾಲ ಸಿಗಲಿಲ್ಲ, ಸಿಕ್ಕಿದ ಮೇಲೆ ತಳಿಗಾರರು ಏನು ಮಾಡಬೇಕಾಯಿತು, ಬಾಧಿತ ಪೋನಿಯನ್ನು ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ತಳಿಯ ಹಿನ್ನೆಲೆ

ಕಾನೆಮಾರಾ ಇರುವುದು ಐರ್ಲೆಂಡಿನ ಪಶ್ಚಿಮ ತುದಿಯ ಗಾಲ್ವೇ ಕೌಂಟಿಯಲ್ಲಿ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಬೋಳು ಬೆಟ್ಟ, ನಡುವೆ ಗ್ರಾನೈಟ್ ಬಂಡೆ ಮತ್ತು ಜೌಗು. ಬೆಟ್ಟಗಳ ಮೇಲೆ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಹುಲ್ಲು ಒರಟು, ಸತ್ವ ಕಡಿಮೆ. ಸಣ್ಣ ಹಿಡುವಳಿಯ ರೈತನಿಗೆ ಒಂದೇ ಒಂದು ಪೋನಿ. ಉಳುವುದು, ಒಲೆಗೆ ಪೀಟ್ (ಜೌಗಿನಿಂದ ಕಡಿದು ಒಣಗಿಸಿದ ಉರುವಲು) ಹೊರುವುದು, ಹೊಲಕ್ಕೆ ಗೊಬ್ಬರವಾಗಿ ಕಡಲಪಾಚಿ ಹೊರುವುದು, ಭಾನುವಾರ ಚರ್ಚಿಗೆ ಗಾಡಿ ಎಳೆಯುವುದು ಎಲ್ಲವೂ ಅದರ ಪಾಲು. ಬೆನ್ನಿನ ಎರಡೂ ಬದಿಗೆ ಬುಟ್ಟಿ ಇಳಿಬಿಟ್ಟು, ಒದ್ದೆ ಬಂಡೆಗಳ ನಡುವೆ ಕಾಲಿಡುವ ಜಾಗವನ್ನು ತಾನೇ ಹುಡುಕಿಕೊಂಡು ನಡೆಯುವ ಪ್ರಾಣಿ ಇದು. ಮಲೆನಾಡು ಗಿಡ್ಡ ಹಸುವನ್ನು ಸಾಕಿದವರಿಗೆ ಈ ಜಾತಿಯ ಗಟ್ಟಿತನ ಹೇಳಿ ತಿಳಿಸಬೇಕಾಗಿಲ್ಲ: ಮೈ ಚಿಕ್ಕದು, ಮೇವು ಕಡಿಮೆ ಬೇಕು, ಮಳೆಗೆ ಅಂಜುವುದಿಲ್ಲ, ಕಾಲು ಜಾರುವುದಿಲ್ಲ.

1900ರಲ್ಲಿ ಪ್ರಾಣಿಶಾಸ್ತ್ರಜ್ಞ ಪ್ರೊಫೆಸರ್ ಕೊಸರ್ ಎವರ್ಟ್ ಈ ಪೋನಿಗಳ ಬಗ್ಗೆ ವರದಿ ಬರೆದರು. ಹೇಸರಗತ್ತೆಯಷ್ಟು ಗಟ್ಟಿ, ಫಲವಂತಿಕೆಯುಳ್ಳವು, ವಂಶಪಾರಂಪರ್ಯ ಕಾಯಿಲೆಗಳಿಲ್ಲದವು, ಇವು ಅಳಿದರೆ ದೇಶಕ್ಕೇ ನಷ್ಟ ಎಂಬುದು ಅವರ ತೀರ್ಮಾನದ ಸಾರ. 1923ರಲ್ಲಿ ತಳಿಗಾರರ ಸಂಘ ಹುಟ್ಟಿತು. ಅದರ ವಂಶಾವಳಿ ಪುಸ್ತಕದಲ್ಲಿ ಒಂದನೇ ನಂಬರಿನ ಬೀಜದ ಕುದುರೆ 1904ರಲ್ಲಿ ಹುಟ್ಟಿದ ಕ್ಯಾನನ್ ಬಾಲ್. ಮುಂದೆ ತಳಿಯ ಹೆಸರು ಹೊರದೇಶಕ್ಕೂ ಹೋಯಿತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ, ಆಳೆತ್ತರದ ಕುದುರೆಗಳ ನಡುವೆ ಜಿಗಿತದ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಸ್ಟ್ರೋಲರ್ ಅರ್ಧ ಕಾನೆಮಾರಾ, ಅರ್ಧ ಥರೋಬ್ರೆಡ್ ಎಂಬ ಓಟದ ಕುದುರೆ ತಳಿ.

ಎವರ್ಟ್ ವರದಿಯ ಒಂದು ಮಾತನ್ನು ಗಮನದಲ್ಲಿಡಬೇಕು: ವಂಶಪಾರಂಪರ್ಯ ಕಾಯಿಲೆ ಇಲ್ಲ. ಕಣ್ಣಿಗೆ ಕಂಡಷ್ಟನ್ನು ಅವರು ಸರಿಯಾಗಿಯೇ ಬರೆದರು. ಆದರೆ ಈ ಪ್ರಕರಣದ ದೋಷ ಕಣ್ಣಿಗೆ ಬೀಳದೆ ತಲೆಮಾರು ದಾಟುವ ಜಾತಿಯದು.

ಕಂಡದ್ದೇನು

ಮರಿ ಹುಟ್ಟುವಾಗ ಏನೂ ಗೊತ್ತಾಗುವುದಿಲ್ಲ. ಕೂದಲು, ಚರ್ಮ, ಹಲ್ಲು, ಬೆಳವಣಿಗೆ ಎಲ್ಲವೂ ಸರಿಯಿರುತ್ತದೆ. ಒಂದರಿಂದ ಆರು ತಿಂಗಳ ನಡುವೆ ಗೊರಸಿನ ಕೆಳ ಅಂಚು ಒಡೆಯಲು ಶುರುವಾಗುತ್ತದೆ. ಮುಂಭಾಗದ ಗೋಡೆ ತನ್ನ ಒಳಪದರದಿಂದ ಬಿಟ್ಟುಕೊಂಡು ಹೊರಕ್ಕೆ ಬಾಗುತ್ತದೆ. ಮುರಿದ ಅಂಚನ್ನು ಹತ್ತಿರದಿಂದ ನೋಡಿದರೆ, ಮಳೆಯಲ್ಲಿ ನೆನೆದ ಬಿದಿರಿನ ತುದಿಯನ್ನು ಕಲ್ಲಿಗೆ ಬಡಿದಾಗ ಎಳೆಎಳೆಯಾಗಿ ಸಿಬಿರು ಏಳುತ್ತದಲ್ಲ, ಹಾಗೇ ಇರುತ್ತದೆ. ಎಳೆಗಳ ನಡುವಿನ ಸಂದಿಗೆ ಮಣ್ಣು, ಸಣ್ಣ ಕಲ್ಲು ಸೇರುತ್ತವೆ. ಪ್ರತಿ ಹೆಜ್ಜೆಗೂ ಅವು ಬೆಣೆಯ ಹಾಗೆ ಕೆಲಸ ಮಾಡಿ ಸೀಳನ್ನು ಮೇಲಕ್ಕೆ ತಳ್ಳುತ್ತವೆ.

ಗೊರಸಿನ ಗೋಡೆಯ ಕೆಲಸ ಭಾರ ಹೊರುವುದು. ಗೋಡೆ ಇಲ್ಲದಾದಾಗ ಆ ಭಾರ ಗೊರಸಿನ ತಳದ ಮೇಲೆ, ಅಂದರೆ ಅಂಗಾಲಿನ ಮೇಲೆ ಬೀಳುತ್ತದೆ. ತಳ ಅದಕ್ಕಾಗಿ ಆದದ್ದಲ್ಲ. ಅದು ತೆಳುವಾಗುತ್ತದೆ, ಜಜ್ಜುತ್ತದೆ, ಒಳಗೆ ಕೀವಾಗುತ್ತದೆ. ಗೊರಸಿನೊಳಗಿನ ಎಲುಬನ್ನು ಗೋಡೆಗೆ ಹಿಡಿದಿಡುವ ಪದರಗಳು ಊದಿಕೊಂಡು ಲ್ಯಾಮಿನೈಟಿಸ್ ಬರುವುದೂ ಉಂಟು. ಮರಿ ಮಲಗುವುದು ಹೆಚ್ಚಾಗುತ್ತದೆ, ಕಲ್ಲುದಾರಿ ಬಂದರೆ ಹೆಜ್ಜೆ ಮೊಟಕಾಗುತ್ತದೆ.

ಪತ್ತೆಗೆ ನೆರವಾಗುವ ಗುರುತುಗಳು ಮೂರು. ನಾಲ್ಕೂ ಗೊರಸುಗಳಲ್ಲಿ ತೊಂದರೆ ಇರುತ್ತದೆ. ಎಳೆ ವಯಸ್ಸಿನಲ್ಲೇ ಶುರುವಾಗುತ್ತದೆ. ಗೊರಸು ಚರ್ಮಕ್ಕೆ ಕೂಡುವ ಕೂದಲಂಚಿನಲ್ಲಿ ಮಾತ್ರ ಕೂಡಿಕೆ ಭದ್ರವಾಗಿರುತ್ತದೆ, ಸೀಳು ಕೆಳಗಿನಿಂದ ಮೇಲಕ್ಕೆ ಏರುತ್ತದೆಯೇ ಹೊರತು ಮೇಲಿನಿಂದ ಇಳಿಯುವುದಿಲ್ಲ.

ತಪ್ಪಾಗಿ ಓದಿದ್ದು ಯಾಕೆ

ಸಾಕಿದವರ ಅನುಮಾನ ಮೊದಲು ಹೋದದ್ದು ಕೆಸರಿನ ಮೇಲೆ. ಒದ್ದೆ ನೆಲದ ನಾಡಿನಲ್ಲಿ ಅದು ಸಹಜ. ಆಮೇಲೆ ಲಾಳ ಕಟ್ಟುವವರ ಮೇಲೆ, ಆಮೇಲೆ ಮೇವಿನ ಮೇಲೆ. ಬಯೋಟಿನ್, ಸತು, ತಾಮ್ರ ತಿನ್ನಿಸಿದರೂ ಫಲ ಕಾಣದೆ ಹೋದದ್ದು ಇದಕ್ಕೇ: ಆ ಪೋಷಕಾಂಶಗಳು ಕೊರತೆಯನ್ನು ತುಂಬುತ್ತವೆ, ಜೀನಿನ ದೋಷವನ್ನು ತಿದ್ದುವುದಿಲ್ಲ.

ಇದನ್ನು ಹೋಲುವ ಬೇರೆ ತೊಂದರೆಗಳನ್ನು ಬೇರ್ಪಡಿಸಿ ನೋಡುವುದು ಮುಖ್ಯ. ಸೆಲೆನಿಯಂ ವಿಷವಾದರೆ ಅಯಾಲು ಮತ್ತು ಬಾಲದ ಕೂದಲು ಉದುರುತ್ತದೆ, ಬಿರುಕು ಕೂದಲಂಚಿನ ಹತ್ತಿರ ಬಳೆಯ ಹಾಗೆ ಅಡ್ಡಕ್ಕೆ ಬರುತ್ತದೆ. ಬಿಳಿಗೆರೆ ರೋಗವಾದರೆ ಸೋಂಕು ಗೋಡೆ ಮತ್ತು ತಳ ಕೂಡುವ ಗೆರೆಯಿಂದ ಒಳಗೆ ಹೊಕ್ಕು ಪುಡಿಪುಡಿಯಾದ ಪೊಳ್ಳು ಮಾಡುತ್ತದೆ. ಅದು ಹೆಚ್ಚಾಗಿ ಬೆಳೆದ ಕುದುರೆಗಳಲ್ಲಿ, ಒಂದೋ ಎರಡೋ ಗೊರಸಿನಲ್ಲಿ ಕಾಣುತ್ತದೆ. ಇನ್ನು ಮರಿಯ ಸಹಜ ಬದಲಾವಣೆಯನ್ನೇ ರೋಗವೆಂದು ಹೆದರುವವರೂ ಇದ್ದಾರೆ. ತಾಯಿಯ ಹೊಟ್ಟೆಯಲ್ಲಿ ಬೆಳೆದ ಗೊರಸಿಗೂ ಹುಟ್ಟಿದ ಮೇಲೆ ಬೆಳೆದದ್ದಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಅದು ತಿಂಗಳು ತಿಂಗಳು ಕೆಳಗಿಳಿದು ಕೊನೆಗೆ ಸವೆದುಹೋಗುತ್ತದೆ. ಆ ಗೆರೆಯ ಕೆಳಗೆ ಹಳೆಯ ಗೊರಸು ಸ್ವಲ್ಪ ಹೊರಬಾಗಿ ಉದುರಿದರೂ ಮೇಲಿನ ಹೊಸ ಗೊರಸು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಬಾಧಿತ ಮರಿಯಲ್ಲಿ ಹೊಸದಾಗಿ ಬಂದದ್ದೂ ನೆಲ ಮುಟ್ಟುವ ಹೊತ್ತಿಗೆ ಸೀಳುತ್ತದೆ.

ಕಾರಣ ಇಷ್ಟು ಕಾಲ ಮರೆಯಾಗಿದ್ದಕ್ಕೆ ದೊಡ್ಡ ಕಾರಣ ಲೆಕ್ಕದಲ್ಲಿದೆ. ಅದಕ್ಕೆ ಮುಂದೆ ಬರೋಣ.

ಒಂದು ಅಕ್ಷರ ಹೆಚ್ಚಾದ ಜೀನು

2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಕ್ಯಾರಿ ಫಿನ್ನೋ ಮತ್ತು ಸಂಗಡಿಗರು ಕಾರಣವನ್ನು ಪ್ರಕಟಿಸಿದರು. ಬಾಧಿತ ಮತ್ತು ಆರೋಗ್ಯವಂತ ಪೋನಿಗಳ ಡಿಎನ್‌ಎ ಹೋಲಿಸಿ ನೋಡಿದಾಗ ತಪ್ಪು ಸೆರ್ಪಿನ್ ಬಿ-11 ಎಂಬ ಜೀನಿನಲ್ಲಿ ಸಿಕ್ಕಿತು. ಅಲ್ಲಿ ಸೈಟೋಸಿನ್ ಎಂಬ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿದೆ.

ಒಂದು ಅಕ್ಷರದಿಂದ ಇಷ್ಟು ಹಾನಿ ಹೇಗೆ? ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತದೆ. 'ಮಳೆಗೆ ಗೊರಸು ನೆನೆದು' ಎಂಬ ಸಾಲನ್ನು ತೆಗೆದುಕೊಳ್ಳಿ. ಮೊದಲ ಪದದ ನಂತರ ಒಂದು 'ಕ' ತೂರಿಸಿ, ಮತ್ತೆ ಮೂರು ಮೂರಾಗಿಯೇ ಓದಿ: 'ಮಳೆಗೆ ಕಗೊರ ಸುನೆನೆ ದು'. ಅಲ್ಲಿಂದಾಚೆ ಒಂದು ಪದವೂ ಉಳಿಯುವುದಿಲ್ಲ. ಜೀನಿನಲ್ಲೂ ಹೀಗೇ ಓದು ತಪ್ಪಿ, ಸ್ವಲ್ಪ ದೂರದಲ್ಲೇ 'ನಿಲ್ಲಿಸು' ಎಂಬ ಸಂಕೇತ ಅಕಾಲದಲ್ಲಿ ಬಂದು, ಪ್ರೋಟೀನ್ ಅರ್ಧಕ್ಕೇ ತುಂಡಾಗುತ್ತದೆ. ಸೆರ್ಪಿನ್ ಕುಟುಂಬದ ಬಹುಪಾಲು ಪ್ರೋಟೀನುಗಳು ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ಲಗಾಮು ಹಾಕುವಂಥವು. ಈ ಜೀನು ಗೊರಸಿನಲ್ಲಿ ಚುರುಕಾಗಿ ಕೆಲಸ ಮಾಡುವುದರಿಂದ ಪೆಟ್ಟು ಗೊರಸಿಗೇ ಬೀಳುತ್ತದೆ, ಮೈಯ ಉಳಿದ ಭಾಗ ಚೆನ್ನಾಗಿರುತ್ತದೆ. ರೋಗಕ್ಕೆ ಗೊರಸಿನ ಗೋಡೆ ಬೇರ್ಪಡುವ ರೋಗ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. ಪೋನಿ ಸಾಕುವವರು ಅದನ್ನು ಎಚ್‌ಡಬ್ಲ್ಯುಎಸ್‌ಡಿ ಎಂದೇ ಕರೆಯುತ್ತಾರೆ.

ಇದು ರಿಸೆಸಿವ್, ಅಂದರೆ ಶಾಲೆಯಲ್ಲಿ ದುರ್ಬಲ ಗುಣ ಎಂದು ಓದಿದ ಬಗೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ದೋಷದ ಪ್ರತಿಗಳು ಸೇರಿದರೆ ಮಾತ್ರ ರೋಗ. ಒಂದು ಪ್ರತಿ ಇರುವ ಪೋನಿ ವಾಹಕ. ಅದರ ಗೊರಸಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಅದೇ ಅಧ್ಯಯನದಲ್ಲಿ ವಾಹಕಗಳ ಪ್ರಮಾಣ ಶೇ. 14.8 ಎಂದು ಬಂತು.

ಲೆಕ್ಕ

ಈ ಶೇ. 14.8ನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಈ ಪ್ರಕರಣದ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಯಾರನ್ನೂ ಪರೀಕ್ಷಿಸದೆ ಪೋನಿಗಳನ್ನು ಕೂಡಿಸುತ್ತಾ ಹೋದರೆ, ಎರಡೂ ಕಡೆ ವಾಹಕವಿರುವ ಜೋಡಿಗಳು ನೂರಕ್ಕೆ ಸುಮಾರು ಎರಡು. ಅಂಥ ಜೋಡಿಯ ಮರಿ ಬಾಧಿತವಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂದರೆ ಸಾವಿರ ಮರಿಗಳಲ್ಲಿ ಐದೋ ಆರೋ. ಒಂದೆರಡು ಹೆಣ್ಣು ಪೋನಿ ಸಾಕಿದ ರೈತ ತನ್ನ ಜೀವಮಾನದಲ್ಲಿ ಒಂದನ್ನೂ ಕಾಣದೆ ಹೋಗಬಹುದು. ಕಂಡರೂ 'ಕೆಟ್ಟ ಮರಿ' ಎಂದು ಸುಮ್ಮನಾಗುತ್ತಾನೆ.

ಬೀಜದ ಕುದುರೆಯ ಕಡೆಯಿಂದ ನೋಡಿ. ವಾಹಕ ಗಂಡೊಂದು ನೂರು ಹೆಣ್ಣುಗಳಿಗೆ ನೂರು ಮರಿ ಕೊಟ್ಟಿತು ಎನ್ನೋಣ. ಆ ಹೆಣ್ಣುಗಳಲ್ಲಿ ಸುಮಾರು ಹದಿನೈದು ವಾಹಕ. ಹುಟ್ಟುವ ಬಾಧಿತ ಮರಿಗಳು ಸುಮಾರು ನಾಲ್ಕು, ಅವೂ ನಾಲ್ಕು ಬೇರೆ ಬೇರೆ ಊರುಗಳಲ್ಲಿ, ನಾಲ್ಕು ಬೇರೆ ಯಜಮಾನರ ಬಳಿ. ಉಳಿದ ತೊಂಬತ್ತಾರು ನೋಡಲು ಅಚ್ಚುಕಟ್ಟು. ಪ್ರದರ್ಶನದಲ್ಲಿ ಬಹುಮಾನ ಗೆದ್ದ ಗಂಡಿನ ಮೇಲೆ ಯಾರಿಗೆ ಅನುಮಾನ ಬರಬೇಕು? ಅಷ್ಟರಲ್ಲಿ ಅದೇ ತೊಂಬತ್ತಾರರಲ್ಲಿ ಸುಮಾರು ಐವತ್ತು ಹೊಸ ವಾಹಕಗಳಾಗಿರುತ್ತವೆ. ರೋಗ ಮರೆಯಲ್ಲಿ ಉಳಿದದ್ದೂ ಹರಡಿದ್ದೂ ಒಂದೇ ದಾರಿಯಲ್ಲಿ.

'ಈ ಜೋಡಿಯಿಂದ ಮೂರು ಮರಿ ಆಗಿವೆ, ಮೂರೂ ಚೆನ್ನಾಗಿವೆ' ಎಂಬ ಮಾತು ತಳಿಗಾರರ ಬಾಯಲ್ಲಿ ಬರುತ್ತದೆ. ಎರಡೂ ಕಡೆ ವಾಹಕವಾಗಿದ್ದರೂ ಮೂರು ಮರಿಗಳೂ ಆರೋಗ್ಯವಾಗಿ ಹುಟ್ಟುವ ಸಾಧ್ಯತೆ ಶೇ. 42. ಐದು ಮರಿಗಳಿಗೂ ಸುಮಾರು ಶೇ. 24. ಹಿಂದಿನ ಮರಿಗಳು ಏನನ್ನೂ ಸಾಬೀತು ಮಾಡುವುದಿಲ್ಲ, ಪ್ರತಿ ಗಬ್ಬಕ್ಕೂ ಲೆಕ್ಕ ಹೊಸದಾಗಿ ಶುರು. ಇನ್ನೊಂದು ಮರೆಯಬಾರದ ಸಂಗತಿ: ಬಾಧಿತ ಮರಿಯೊಂದರ ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದಾಗ, ಅದರ ಒಡಹುಟ್ಟಿದ ಆರೋಗ್ಯವಂತ ಮರಿಗಳಲ್ಲಿ ಮೂರರಲ್ಲಿ ಎರಡು ಪಾಲು ವಾಹಕಗಳೇ.

ನಿರ್ಧಾರ: ವಾಹಕವನ್ನು ತೆಗೆಯುವುದೋ, ಉಳಿಸುವುದೋ

ಕೂದಲಿನಿಂದ ಡಿಎನ್‌ಎ ಪರೀಕ್ಷೆ ಸಾಧ್ಯವಾದ ಕೂಡಲೇ ಎದ್ದ ಪ್ರಶ್ನೆ ಇದು. ವಾಹಕಗಳನ್ನೆಲ್ಲ ತಳಿಯಿಂದ ಹೊರಗಿಟ್ಟರೆ ಒಂದೇ ತಲೆಮಾರಿನಲ್ಲಿ ರೋಗವೂ ಹೋಗುತ್ತದೆ, ಜೀನೂ ಹೋಗುತ್ತದೆ. ಆದರೆ ಜೊತೆಗೆ ತಳಿಯ ಏಳನೇ ಒಂದು ಪಾಲು ರಕ್ತವೂ ಹೋಗುತ್ತದೆ. ಕಾನೆಮಾರಾದ ವಂಶಗಳು ಕೆಲವೇ ಬೀಜದ ಕುದುರೆಗಳಿಂದ ಇಳಿದು ಬಂದವು. ಹಳೆಯ ಅಪರೂಪದ ವಂಶವೊಂದರಲ್ಲಿ ಉಳಿದಿರುವ ಕೊನೆಯ ಗಂಡು ವಾಹಕವಾಗಿದ್ದರೆ ಆ ವಂಶವೇ ಮುಗಿಯುತ್ತದೆ. ಉಳಿದವು ಇನ್ನಷ್ಟು ಹತ್ತಿರದ ಸಂಬಂಧಿಗಳಾಗುತ್ತವೆ, ಇಂದು ಯಾರಿಗೂ ಗೊತ್ತಿಲ್ಲದ ಇನ್ನೊಂದು ದುರ್ಬಲ ದೋಷ ಜೋಡಿಯಾಗಲು ದಾರಿಯಾಗುತ್ತದೆ. ಒಂದು ಜೀನಿನ ಭಯಕ್ಕೆ ಉಳಿದೆಲ್ಲ ಒಳ್ಳೆಯ ಗುಣಗಳನ್ನು ಬಿಡುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸರಿಯಾದ ದಾರಿ ಜೋಡಿ ಕಟ್ಟುವುದರಲ್ಲಿದೆ. ದೋಷದ ಪ್ರತಿ ಒಂದೂ ಇಲ್ಲದ ಪೋನಿಯನ್ನು ಇಲ್ಲಿ ಶುದ್ಧ ಎನ್ನೋಣ. ಶುದ್ಧ ಪೋನಿಗೆ ಶುದ್ಧ ಪೋನಿ ಕೂಡಿದರೆ ಎಲ್ಲ ಮರಿಗಳೂ ಶುದ್ಧ. ವಾಹಕಕ್ಕೆ ಶುದ್ಧವನ್ನು ಕೂಡಿಸಿದರೆ ಅರ್ಧ ಶುದ್ಧ, ಅರ್ಧ ವಾಹಕ, ಬಾಧಿತ ಒಂದೂ ಇಲ್ಲ. ವಾಹಕಕ್ಕೆ ವಾಹಕವನ್ನು ಎಂದಿಗೂ ಕೂಡಿಸಬಾರದು. ನಮ್ಮಲ್ಲಿ ಸಿಕಲ್ ಸೆಲ್ ರಕ್ತಹೀನತೆಯಿರುವ ಸಮುದಾಯಗಳಲ್ಲಿ ಮದುವೆಗೆ ಮುಂಚೆ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆರೋಗ್ಯ ಕಾರ್ಯಕರ್ತರು ಹೇಳುವುದರ ಹಿಂದಿನ ಲೆಕ್ಕವೂ ಇದೇ.

ಇಲ್ಲೊಂದು ಸೂಕ್ಷ್ಮವಿದೆ, ಹಲವರಿಗೆ ಹೊಳೆಯುವುದಿಲ್ಲ. ವಾಹಕಗಳನ್ನು ಯಾವಾಗಲೂ ಶುದ್ಧಕ್ಕೇ ಕೂಡಿಸಿದರೆ ಬಾಧಿತ ಮರಿಗಳು ಮೊದಲ ವರ್ಷವೇ ನಿಲ್ಲುತ್ತವೆ, ಆದರೆ ವಾಹಕಗಳ ಪ್ರಮಾಣ ಇದ್ದಲ್ಲೇ ಇರುತ್ತದೆ. ಜೀನು ಕರಗುವುದಿಲ್ಲ. ಅದು ಇಳಿಯಬೇಕಾದರೆ ಇನ್ನೊಂದು ಹೆಜ್ಜೆ ಬೇಕು: ಒಳ್ಳೆಯ ವಾಹಕ ತಾಯಿಗೆ ಶುದ್ಧ ಗಂಡಿನಿಂದ ಎರಡು ಮೂರು ಮರಿ ಪಡೆದು, ಗುಣದಲ್ಲಿ ಸಮನಾದ ಮರಿಗಳಿದ್ದರೆ ಶುದ್ಧವಾದದ್ದನ್ನು ತಳಿಗೆ ಇಟ್ಟುಕೊಂಡು ವಾಹಕವನ್ನು ಸವಾರಿಗೆ ಮಾರುವುದು. ಗಂಡುಮರಿ ವಾಹಕವಾಗಿದ್ದರೆ, ತೀರಾ ಅಪರೂಪದ ವಂಶದ್ದಲ್ಲದಿದ್ದರೆ, ಬೀಜ ಒಡೆಸುವುದೇ ಮೇಲು. ಒಂದು ಹೆಣ್ಣು ಜೀವಮಾನದಲ್ಲಿ ಹೆಚ್ಚೆಂದರೆ ಹನ್ನೆರಡು ಹದಿನೈದು ಮರಿ ಹಾಕೀತು, ಗಂಡು ಒಂದೆರಡು ವರ್ಷದಲ್ಲೇ ಅದನ್ನು ಮೀರುತ್ತದೆ.

ಕ್ಲಿಫ್ಡನ್ ಪಟ್ಟಣದಲ್ಲಿರುವ ಕಾನೆಮಾರಾ ಪೋನಿ ಬ್ರೀಡರ್ಸ್ ಸೊಸೈಟಿ ನೋಂದಣಿಗೆ ಬರುವ ಮರಿಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿ, ಫಲಿತಾಂಶವನ್ನು ಪೋನಿಯ ಗುರುತಿನ ದಾಖಲೆಯಾದ ಪಾಸ್‌ಪೋರ್ಟಿನಲ್ಲೇ ಮುದ್ರಿಸುವ ಕ್ರಮ ತಂದಿತು. ಇದು ದೊಡ್ಡ ಹೆಜ್ಜೆ. ಸ್ಥಿತಿ ಗುಟ್ಟಾಗಿದ್ದರೆ ವಾಹಕ ಎಂಬುದು ಬೈಗುಳವಾಗುತ್ತದೆ. ಎಲ್ಲರ ಕಾಗದದಲ್ಲೂ ಇದ್ದಾಗ ಅದು ಎತ್ತರ, ಬಣ್ಣದ ಹಾಗೆ ಇನ್ನೊಂದು ವಿವರ ಅಷ್ಟೇ.

ಮಾದರಿ ತೆಗೆಯುವಾಗ

ಪರೀಕ್ಷೆಗೆ ಬೇಕಾದ್ದು ಬುಡದ ಗೆಡ್ಡೆಸಮೇತ ಕಿತ್ತ 20ರಿಂದ 30 ಕೂದಲು. ಡಿಎನ್‌ಎ ಇರುವುದು ಆ ಗೆಡ್ಡೆಯಲ್ಲಿ. ಕತ್ತರಿಯಿಂದ ಕತ್ತರಿಸಿ ಕಳಿಸಿದ ಕೂದಲು ಪ್ರಯೋಜನಕ್ಕೆ ಬರುವುದಿಲ್ಲ. ಬೆಳೆದ ಪೋನಿಯಾದರೆ ಅಯಾಲಿನಿಂದ, ಎಳೆ ಮರಿಯಾದರೆ ಬಾಲದಿಂದ ಕೀಳುವುದು ಒಳ್ಳೆಯದು, ಮರಿಯ ಅಯಾಲು ರೇಷ್ಮೆಯಷ್ಟು ನವಿರಾಗಿದ್ದು ಬುಡ ಸಿಗದೆ ತುಂಡಾಗುತ್ತದೆ. ನಾಲ್ಕೈದು ಕೂದಲನ್ನು ಬೆರಳಿಗೆ ಸುತ್ತಿ, ಚರ್ಮದ ಹತ್ತಿರ ಹಿಡಿದು, ಒಂದೇ ಎಳೆತಕ್ಕೆ ಕೀಳಬೇಕು. ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಣ್ಣ ಬಿಳಿ ಉಂಡೆ ಕಾಣಬೇಕು.

ಮರಿ ತಾಯಿಯ ಮೈಗೆ ಉಜ್ಜಿಕೊಂಡೇ ಇರುತ್ತದೆ. ತಾಯಿಯ ಕೂದಲು ಒಂದು ಸೇರಿದರೂ ಫಲಿತಾಂಶ ಗೊಂದಲವಾಗುತ್ತದೆ. ಒದ್ದೆ ಕೂದಲನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಒಂದೇ ದಿನ ಹಲವು ಮರಿಗಳ ಮಾದರಿ ತೆಗೆಯುವವರು ಮಾಡುವ ಅತಿ ಸಾಮಾನ್ಯ ತಪ್ಪು, ಕೊನೆಗೆ ಕೂತು ಎಲ್ಲ ಲಕೋಟೆಗಳ ಮೇಲೆ ಹೆಸರು ಬರೆಯುವುದು. ಪೋನಿಯ ಹತ್ತಿರ ಹೋಗುವ ಮುಂಚೆಯೇ ಮೈಕ್ರೋಚಿಪ್ ಸಂಖ್ಯೆ ಬರೆದ ಲಕೋಟೆ ಕೈಯಲ್ಲಿರಬೇಕು. ಅಪ್ಪ ಅಮ್ಮ ಇಬ್ಬರೂ ಶುದ್ಧ, ಹಾಗಾಗಿ ಮರಿಯೂ ಶುದ್ಧ ಎಂಬ ವಾದ ನಿಲ್ಲುವುದು ಅಪ್ಪ ಯಾರೆಂಬುದು ಡಿಎನ್‌ಎಯಿಂದ ಖಚಿತವಾಗಿದ್ದರೆ ಮಾತ್ರ.

ಬಾಧಿತ ಪೋನಿಯ ಆರೈಕೆ

ಗುಣಪಡಿಸುವ ಔಷಧಿ ಇಲ್ಲ. ತೀವ್ರತೆ ಒಂದೊಂದು ಪೋನಿಯಲ್ಲಿ ಒಂದೊಂದು ಬಗೆ. ಆರೈಕೆಯ ಗುರಿ ಎರಡೇ: ಬಿಟ್ಟುಕೊಂಡ ಗೋಡೆ ಸನ್ನೆಗೋಲಾಗಿ ಕೆಲಸ ಮಾಡದಂತೆ ನೋಡುವುದು, ತಳಕ್ಕೆ ಆಸರೆ ಕೊಡುವುದು.

ಬೇರೆ ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಿದರೆ ಇದಕ್ಕೆ ಮೂರು ನಾಲ್ಕು ವಾರಕ್ಕೇ ಬೇಕು. ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ, ಆ ಬೆಳೆದಷ್ಟು ಉದ್ದವೇ ಸೀಳಿಗೆ ಹಿಡಿ. ಸಡಿಲವಾದ ಚೂರುಗಳನ್ನು ತೆಗೆದು, ಸಂದಿಯ ಮಣ್ಣು ಕೆರೆದು, ಹೊರ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ ದುಂಡಗೆ ಮಾಡಬೇಕು. ಆಗ ನೆಲದ ಒತ್ತಡ ಹೊರಪದರವನ್ನು ಮೇಲಕ್ಕೆತ್ತುವುದಿಲ್ಲ. ತಳವನ್ನು ಮಾತ್ರ ಕೆತ್ತಬಾರದು, ಇರುವ ಒಂದೊಂದು ಮಿಲಿಮೀಟರೂ ಬೇಕು.

ಮೊಳೆ ಹೊಡೆದ ಲಾಳ ನಿಲ್ಲುವುದಿಲ್ಲ. ಮೊಳೆಯ ತೂತಿನಿಂದಲೇ ಹೊಸ ಸೀಳು ಹುಟ್ಟುತ್ತದೆ. ಅಂಟಿಸುವ ಲಾಳ ಕೆಲವು ದಿನ ಹಿಡಿದರೂ, ಅದು ಅಂಟಿರುವುದು ಉದುರುವ ಪದರಕ್ಕೇ, ಹಾಗಾಗಿ ಬೀಳುವಾಗ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಒಳಗೆ ಮೆತ್ತೆ ಹಾಕಿದ ಗೊರಸಿನ ಬೂಟು ಹೆಚ್ಚು ಸುರಕ್ಷಿತ. ಆದರೆ ಅದನ್ನು ದಿನವೂ ಬಿಚ್ಚಿ ಒಣಗಿಸಬೇಕು. ಕೊಟ್ಟಿಗೆಯ ಹಾಸು ಒಣಗಿರಬೇಕು, ಒಂದು ದಿನ ಕೆಸರು ಇನ್ನೊಂದು ದಿನ ಬಿರುಬಿಸಿಲು ಎಂಬಂತೆ ಗೊರಸು ಉಬ್ಬಿ ಕುಗ್ಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೈ ಬೆಳೆಸಬಾರದು. ಈ ತಳಿ ಬಡ ಹುಲ್ಲಿನಲ್ಲಿ ಮೈ ಹಿಡಿಯುವಂಥದ್ದು, ಸಮೃದ್ಧ ಹುಲ್ಲುಗಾವಲಿಗೆ ಬಿಟ್ಟರೆ ಬೇಗ ಕೊಬ್ಬುತ್ತದೆ. ಕೊಬ್ಬಿನ ಜೊತೆ ಲ್ಯಾಮಿನೈಟಿಸ್‌ನ ಅಪಾಯ ಬರುತ್ತದೆ, ಮೊದಲೇ ಸೋತ ಗೊರಸಿಗೆ ಅದು ಎರಡನೆಯ ಪೆಟ್ಟು. 300 ಕಿಲೋ ತೂಗುವ, ಇಳಿಸಬೇಕಾದ ಪೋನಿಗೆ ತೂಕದ ಶೇ. 1.5ರ ಲೆಕ್ಕದಲ್ಲಿ ದಿನಕ್ಕೆ ಸುಮಾರು 4.5 ಕಿಲೋ ಒಣಮೇವು ಸಾಕು. ಸಕ್ಕರೆಯ ಅಂಶ ಕಡಿಮೆಯಾಗಲು ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ನೀರು ಬಸಿದು ಕೊಡಬಹುದು. ಪಕ್ಕದಿಂದ ತೆಗೆದ ಎಕ್ಸ್‌ರೇ ನೋಡಿದರೆ ಒಳಗಿನ ಎಲುಬು ತನ್ನ ಜಾಗದಲ್ಲಿದೆಯೇ, ತಳ ಎಷ್ಟು ದಪ್ಪ ಉಳಿದಿದೆ ಎಂಬುದು ಪಶುವೈದ್ಯರಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವು ಪೋನಿಗಳು ನೋವಿಲ್ಲದೆ ನಿಲ್ಲಲಾರವು. ಹೆಚ್ಚು ಹೊತ್ತು ಮಲಗೇ ಇರುವುದು, ಮೇವಿನ ಕಡೆ ಹೋಗಲೂ ಹಿಂಜರಿಯುವುದು, ಗೊರಸಿನ ಒಳಗೆ ಮತ್ತೆ ಮತ್ತೆ ಕೀವಾಗುವುದು ಕಂಡಾಗ ಪಶುವೈದ್ಯರ ಜೊತೆ ಕೂತು ನೋವಿಲ್ಲದ ಸಾವಿನ ಬಗ್ಗೆ ಮಾತಾಡಬೇಕು. ಅದನ್ನು ಮುಂದೂಡುವುದು ಪ್ರಾಣಿಯ ಮೇಲಿನ ಪ್ರೀತಿಯಾಗುವುದಿಲ್ಲ.

ಅರೆತಳಿಗಳ ಪ್ರಶ್ನೆ

ಕಾನೆಮಾರಾಕ್ಕೆ ಥರೋಬ್ರೆಡ್ ಕೂಡಿಸಿ ಜಿಗಿತದ ಕುದುರೆ ಮಾಡುವುದು ಹಳೆಯ ರೂಢಿ. ವಾಹಕ ಕಾನೆಮಾರಾದಿಂದ ಹುಟ್ಟಿದ ಅರೆತಳಿಗಳಲ್ಲಿ ಅರ್ಧ ವಾಹಕ. ಅಂಥ ಹೆಣ್ಣನ್ನು ಮತ್ತೆ ಕಾನೆಮಾರಾ ಗಂಡಿಗೆ ಕೂಡಿಸಿದಾಗ, ಆ ಗಂಡೂ ವಾಹಕವಾಗಿದ್ದರೆ, ನಾಲ್ಕರಲ್ಲೊಂದರ ಲೆಕ್ಕ ಮರಳಿ ಬರುತ್ತದೆ, ಮರಿಯ ಮೈಯಲ್ಲಿ ಥರೋಬ್ರೆಡ್ ರಕ್ತ ಎಷ್ಟೇ ಇರಲಿ. ಆದ್ದರಿಂದ ಅರೆತಳಿ ಹೆಣ್ಣನ್ನು ಗಬ್ಬಕ್ಕೆ ಒಯ್ಯುವವರು ಗಂಡಿನ ಪಾಸ್‌ಪೋರ್ಟನ್ನು ತೆರೆದು ಅದರ ಸ್ಥಿತಿ ನೋಡಬೇಕು. ಅಲ್ಲಿ ವಾಹಕ ಎಂದಿದ್ದರೆ ಹೆಣ್ಣಿನ ಕೂದಲಿನ ಲಕೋಟೆ ಪ್ರಯೋಗಾಲಯಕ್ಕೆ ಹೋಗಿ ಉತ್ತರ ಬರುವವರೆಗೆ ಕಾಯಬೇಕು. ಪೋನಿಯ ಗಬ್ಬ ಹನ್ನೊಂದು ತಿಂಗಳದ್ದು, ಬೆದೆ ಮೂರು ವಾರಕ್ಕೊಮ್ಮೆ ಬರುತ್ತದೆ. ಒಂದು ಬೆದೆ ಬಿಟ್ಟರೆ ಕಳೆದುಕೊಳ್ಳುವುದು ಮೂರೇ ವಾರ.